ಕಾರಿಗೆ ಸಣ್ಣ ಟಚ್ ಆಗಿದೆ, ಇನ್ಶೂರೆನ್ಸ್‌ಗೆ ಹೇಳಬೇಕಾ, ಸುಮ್ನೆ ಇರಬೇಕಾ?

ಪ್ರಶ್ನೆ: ಸರ್, ನಾವು ಮಂಡ್ಯದವರು. ಕಳೆದ ಭಾನುವಾರ ಬಟ್ಟೆ ತಗೊಳ್ಳೋಕೆ ಮೈಸೂರಿಗೆ ಹೋಗಿದ್ದೆವು. ದೊಡ್ಡ ಗಡಿಯಾರದ ಹತ್ತಿರ ರಿವರ್ಸ್ ತೆಗೆಯುವಾಗ ಹಿಂದೆ ನಿಂತಿದ್ದ ಕಾರಿನ ಬಾಗಿಲಿಗೆ ತಾಗಿತು. ಓಡಿಸುತ್ತಿದ್ದವಳು ನಾನೇ. ಯಾರಿಗೂ ಪೆಟ್ಟಾಗಿಲ್ಲ. ನಮ್ಮ ಹಿಂದಿನ ಬಂಪರ್ ಒಂದು ಕಡೆ ಸೀಳಿದೆ, ಅವರ ಬಾಗಿಲು ಒಳಕ್ಕೆ ಹೋಗಿದೆ. ಅವರು ಅಲ್ಲೇ 3,000 ಕೇಳಿದರು, ಫೋನ್‌ನಲ್ಲೇ ಕಳಿಸಿದೆ. ಈಗ ಶೋರೂಂನಲ್ಲಿ 11,000 ಹೇಳಿದ್ದಾರಂತೆ, ಬಾಕಿ ಕೊಡಿ ಅಂತ ದಿನಾ ಫೋನ್. ನಮ್ಮ ಬಂಪರಿಗೆ 10,000 ಎಸ್ಟಿಮೇಟ್ ಕೊಟ್ಟಿದ್ದಾರೆ. ಕಾರು 1200 ಸಿಸಿ, ಐದನೇ ವರ್ಷ ನಡೀತಿದೆ. ನೋ ಕ್ಲೇಮ್ ಬೋನಸ್ ಈಗ 45 ಪರ್ಸೆಂಟ್. ರಿನ್ಯೂವಲ್‌ಗೆ ಒಂದು ತಿಂಗಳಿದೆ. ಮುಂದಿನ ವರ್ಷ ಇದನ್ನು ಮಾರಿ ದೊಡ್ಡ ಕಾರು ತಗೊಳ್ಳುವ ಯೋಚನೆ ಇದೆ. ನಮ್ಮೆಜಮಾನ್ರು ಕ್ಲೇಮ್ ಬೇಡ ಅಂತಾರೆ. ಅಣ್ಣ ಮಾತ್ರ, ಕಂಪನಿಗೆ ಹೇಳದೆ ಇದ್ರೆ ಮುಂದೆ ಸಿಕ್ಕಿಹಾಕ್ಕೊಳ್ತೀಯ ಅಂತಾನೆ. ಯಾರ ಮಾತು ಕೇಳಲಿ?

ಉತ್ತರ: ಮೇಡಂ, ಇಬ್ಬರ ಮಾತನ್ನೂ ಕೇಳಿ. ಯಾಕಂದ್ರೆ ಅವರಿಬ್ಬರೂ ಒಂದೇ ವಿಷಯ ಮಾತಾಡ್ತಿಲ್ಲ. ನಿಮ್ಮ ಯಜಮಾನರು ಹೇಳುತ್ತಿರುವುದು ದುಡ್ಡು ಕೇಳುವ ವಿಷಯ. ನಿಮ್ಮಣ್ಣ ಹೇಳುತ್ತಿರುವುದು ತಿಳಿಸುವ ವಿಷಯ. ಜನ ಈ ಎರಡನ್ನೂ ಒಂದೇ ಅಂದುಕೊಂಡು, ಕ್ಲೇಮ್ ಬೇಡ ಅಂತ ತೀರ್ಮಾನ ಮಾಡಿದ ಕೂಡಲೇ ಕಂಪನಿಗೆ ಒಂದು ಸಾಲನ್ನೂ ಬರೆಯದೆ ಕೂತುಬಿಡುತ್ತಾರೆ. ಗಾಡಿಗಾದ ಹಾನಿ ಅಳೆಯುವ ಇನ್ಶೂರೆನ್ಸ್ ಸರ್ವೇಯರ್ ಆಗಿ ನಾನು ನೋಡಿದ ಜಗಳಗಳಲ್ಲಿ ಎಷ್ಟೋ ಶುರುವಾಗಿದ್ದು ಅಲ್ಲಿಂದಲೇ.

ಮೊದಲು ನಿಮ್ಮ ಬಂಪರಿನ ಲೆಕ್ಕ ಮುಗಿಸೋಣ. ಇದು ಬರೀ ಕೂಡಿ ಕಳೆಯುವ ಕೆಲಸ.

ಪಾಲಿಸಿ ಹಾಳೆ ತೆಗೆಯಿರಿ. ಅದರಲ್ಲಿ ಪ್ರೀಮಿಯಂ ಎರಡು ಭಾಗವಾಗಿರುತ್ತದೆ. ಒಂದು ಥರ್ಡ್ ಪಾರ್ಟಿ, ಅಂದ್ರೆ ನಿಮ್ಮ ಗಾಡಿಯಿಂದ ಬೇರೆಯವರಿಗೆ ಆಗುವ ಹಾನಿಗೆ ಕಟ್ಟುವ ಭಾಗ. ಇದು ಸರ್ಕಾರ ಗೊತ್ತು ಮಾಡಿದ ದರ, 2022ರ ಜೂನ್ 1ರಿಂದ ಜಾರಿಗೆ ಬಂದ ಪಟ್ಟಿಯಲ್ಲಿ ನಿಮ್ಮಂಥ 1000ದಿಂದ 1500 ಸಿಸಿ ಕಾರಿಗೆ 3,416 ರೂಪಾಯಿ ಇತ್ತು. ನೋ ಕ್ಲೇಮ್ ಬೋನಸ್, ಅಂದ್ರೆ ಕ್ಲೇಮ್ ಮಾಡದ ವರ್ಷಗಳಿಗೆ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ, ಅದಕ್ಕೂ ಇದಕ್ಕೂ ಸಂಬಂಧವೇ ಇಲ್ಲ. ಇನ್ನೊಂದು ಓನ್ ಡ್ಯಾಮೇಜ್, ಅಂದ್ರೆ ನಿಮ್ಮ ಸ್ವಂತ ಕಾರಿನ ರಿಪೇರಿಗೆ ಕಟ್ಟುವ ಭಾಗ. ಬೋನಸ್ ಸಿಗುವುದು ಇದರ ಮೇಲೆ ಮಾತ್ರ. ಮೊದಲ ವರ್ಷ ಕ್ಲೇಮ್ ಇಲ್ಲದೆ ಕಳೆದರೆ 20 ಪರ್ಸೆಂಟ್, ಆಮೇಲೆ 25, 35, 45, ಐದು ವರ್ಷಕ್ಕೆ 50. ಅಲ್ಲಿಗೆ ನಿಲ್ಲುತ್ತದೆ. ಏರೋಕೆ ಐದು ವರ್ಷ ಬೇಕು, ಇಳಿಯೋಕೆ ಒಂದೇ ಕ್ಲೇಮ್ ಸಾಕು. ಅದು 45ರಿಂದ 35ಕ್ಕೆ ಇಳಿಯಲ್ಲ, ನೇರ ಸೊನ್ನೆಗೆ ಬರುತ್ತದೆ. ತುಂಬಾ ಜನಕ್ಕೆ ಇದು ಗೊತ್ತಾಗುವುದೇ ರಿನ್ಯೂವಲ್ ಮೆಸೇಜ್ ಬಂದಾಗ.

ಬೋನಸ್ ಕಳೆಯುವ ಮೊದಲು ನಿಮ್ಮ ಓನ್ ಡ್ಯಾಮೇಜ್ ಪ್ರೀಮಿಯಂ 8,000 ಅಂತ ಇಟ್ಟುಕೊಳ್ಳೋಣ. ನಿಮ್ಮ ಹಾಳೆಯಲ್ಲಿರುವ ಅಂಕಿಯನ್ನು ಈ ಜಾಗದಲ್ಲಿ ಹಾಕಿಕೊಳ್ಳಿ. ಈಗ ಸುಮ್ಮನಿದ್ದರೆ ಮುಂದಿನ ತಿಂಗಳು 50 ಪರ್ಸೆಂಟ್‌ಗೆ ಹೋಗುತ್ತೀರಿ, ಅಲ್ಲೇ ಇರುತ್ತೀರಿ. ಕ್ಲೇಮ್ ಮಾಡಿದರೆ ಮುಂದಿನ ತಿಂಗಳು ಸೊನ್ನೆ, ಅದರ ಮುಂದಿನ ವರ್ಷಗಳಲ್ಲಿ 20, 25, 35, 45, ಆಮೇಲೆ ಮತ್ತೆ 50. ಪ್ರತಿ ವರ್ಷದ ವ್ಯತ್ಯಾಸ ಕೂಡಿ: 50, 30, 25, 15, 5. ಒಟ್ಟು 125 ಪರ್ಸೆಂಟ್. ಅಂದ್ರೆ ಒಂದು ಕ್ಲೇಮ್‌ನ ನಿಜವಾದ ಬೆಲೆ ನಿಮ್ಮ ಪೂರ್ತಿ ಓನ್ ಡ್ಯಾಮೇಜ್ ಪ್ರೀಮಿಯಂನ ಒಂದೂಕಾಲು ಪಟ್ಟು. ಎಂಟು ಸಾವಿರಕ್ಕೆ ಹತ್ತು ಸಾವಿರ. ಮೇಲೆ 18 ಪರ್ಸೆಂಟ್ ಜಿಎಸ್‌ಟಿ ಸೇರಿಸಿದರೆ 11,800. ಕಾರಿನ ಬೆಲೆ ವರ್ಷ ವರ್ಷ ಇಳಿಯುವುದರಿಂದ ಇದು ಸ್ವಲ್ಪ ಕಮ್ಮಿ ಆಗಬಹುದು. ಆ ಐದು ವರ್ಷದಲ್ಲಿ ಹೇಗೂ ಬೇರೆ ದೊಡ್ಡ ಕ್ಲೇಮ್ ಬಂದರೆ ಬೋನಸ್ ಆಗಲೂ ಹೋಗುತ್ತಿತ್ತು, ಆಗ ಈ ಕ್ಲೇಮ್‌ನ ಬೆಲೆ ಇನ್ನೂ ಕಮ್ಮಿ. ಆದರೂ ಅಂದಾಜಿಗೆ ಸಾಕು.

ಈಗ ತಾನೇ ಕಾರು ತಗೊಂಡು ಮೊದಲ ವರ್ಷದಲ್ಲಿರುವವರಿಗೆ ಇದೇ ಲೆಕ್ಕ ಬೇರೆ. ಅವರಿಗೆ ನಷ್ಟ ಒಟ್ಟು 50 ಪರ್ಸೆಂಟ್ ಅಷ್ಟೆ, ಅಂದ್ರೆ ಅರ್ಧ ವರ್ಷದ ಪ್ರೀಮಿಯಂ. ಅದಕ್ಕೇ ಪಕ್ಕದ ಮನೆಯವರು ಕ್ಲೇಮ್ ಮಾಡಿ ಲಾಭ ಮಾಡಿಕೊಂಡರು ಅಂತ ನೀವೂ ಮಾಡಬೇಡಿ.

ಇನ್ನು ಕಂಪನಿ ಕೊಡುವುದು ಎಷ್ಟು? ಎಸ್ಟಿಮೇಟ್ 10,000 ಅಂದ್ರೆ ಹತ್ತೂ ಬರಲ್ಲ. ಬಂಪರ್ ಪ್ಲಾಸ್ಟಿಕ್. ಪ್ಲಾಸ್ಟಿಕ್, ರಬ್ಬರ್ ಭಾಗಗಳಿಗೆ ಕಾರು ಎಷ್ಟೇ ಹೊಸದಾಗಿರಲಿ 50 ಪರ್ಸೆಂಟ್ ಸವಕಳಿ ಕಳೆಯುತ್ತಾರೆ. ಲೋಹದ ಭಾಗಕ್ಕೆ ಕಾರಿನ ವಯಸ್ಸು ನೋಡುತ್ತಾರೆ, ನಾಲ್ಕು ದಾಟಿ ಐದರೊಳಗಿನ ಕಾರಿಗೆ 35. ಪೇಂಟಿಂಗ್ ಬಿಲ್ಲಿನಲ್ಲಿ ಕಾಲು ಭಾಗ ಬಣ್ಣದ ಸಾಮಾನು ಅಂತ ಹಿಡಿದು ಅದರಲ್ಲಿ ಅರ್ಧ ಕಳೆಯುತ್ತಾರೆ. ಕೂಲಿಗೆ ಕಡಿತ ಇಲ್ಲ. ಕೊನೆಗೆ 1500 ಸಿಸಿವರೆಗಿನ ಕಾರಿಗೆ ಪ್ರತಿ ಕ್ಲೇಮ್‌ನಲ್ಲೂ 1,000 ರೂಪಾಯಿ ನಿಮ್ಮ ಕೈಯಿಂದಲೇ, ಅದಕ್ಕಿಂತ ದೊಡ್ಡ ಇಂಜಿನ್‌ಗೆ 2,000.

ನಿಮ್ಮ ಹತ್ತು ಸಾವಿರದಲ್ಲಿ ಬಂಪರ್ 4,500, ಪೇಂಟ್ 4,000, ಕೂಲಿ 1,500 ಅಂತಿದ್ದರೆ ಬಂಪರಿಗೆ 2,250, ಪೇಂಟಿಗೆ 3,500, ಕೂಲಿ ಪೂರ್ತಿ 1,500 ಸಿಗುತ್ತದೆ. ಒಟ್ಟು 7,250. ಸಾವಿರ ಕಳೆದರೆ 6,250. ಈ 6,250ಕ್ಕೋಸ್ಕರ ಸುಮಾರು 11,800 ಬಿಟ್ಟುಕೊಡುತ್ತೀರಾ? ಜೀರೋ ಡೆಪ್, ಅಂದ್ರೆ ನಮ್ಮ ಕಡೆ ಬಂಪರ್ ಟು ಬಂಪರ್ ಅಂತಾರಲ್ಲ, ಸವಕಳಿ ಕಳೆಯದ ಕವರ್, ಅದಿದ್ದರೆ 9,000 ಬರುತ್ತದೆ. ಆಗಲೂ ನಷ್ಟವೇ.

ಇಷ್ಟಾದ ಮೇಲೆ ನೀವು ಕಡೇಲಿ ಹೇಳಿದ ಮಾತಿಗೆ ಬರುತ್ತೇನೆ, ದೊಡ್ಡ ಕಾರು ತಗೊಳ್ಳುವ ಯೋಚನೆ. ನನಗೆ ಇಡೀ ಪ್ರಶ್ನೆಯಲ್ಲಿ ಮುಖ್ಯವಾಗಿ ಕಂಡಿದ್ದು ಇದೇ. ನೋ ಕ್ಲೇಮ್ ಬೋನಸ್ ಕಾರಿನದ್ದಲ್ಲ, ಮಾಲೀಕರದ್ದು. ಹಳೇ ಕಾರು ಮಾರಿ ಹೊಸದು ತಗೊಂಡರೆ ಬೋನಸ್ ಹೊಸ ಕಾರಿಗೆ ಬರುತ್ತದೆ. ಹಳೇ ಕಂಪನಿಯಿಂದ ಅದಕ್ಕೊಂದು ಪತ್ರ ತಗೊಳ್ಳಬೇಕು, ಮೂರು ವರ್ಷದವರೆಗೆ ಬಳಸಬಹುದು. ದೊಡ್ಡ ಕಾರಿನ ಓನ್ ಡ್ಯಾಮೇಜ್ ಪ್ರೀಮಿಯಂ 22,000 ಅಂತ ಹಿಡಿಯಿರಿ. ಕ್ಲೇಮ್ ಮಾಡದಿದ್ದರೆ ಅದಕ್ಕೆ 50 ಪರ್ಸೆಂಟ್, 11,000 ಉಳಿಯಿತು. ಮಾಡಿದರೆ ಆ ಹೊತ್ತಿಗೆ ನಿಮ್ಮ ಹತ್ತಿರ ಇರುವುದು 20 ಪರ್ಸೆಂಟ್, ಉಳಿಯುವುದು 4,400. ಈ ವರ್ಷದ ನಷ್ಟ 4,000, ಮುಂದಿನ ನಾಲ್ಕು ವರ್ಷ ದೊಡ್ಡ ಕಾರಿನ ಮೇಲೆ 75 ಪರ್ಸೆಂಟ್‌ನಷ್ಟು, ಅಂದ್ರೆ 16,500. ಕೂಡಿದರೆ 20,500. ಜಿಎಸ್‌ಟಿ ಸೇರಿದರೆ 24,000 ದಾಟುತ್ತದೆ. ಒಂದು ಸೀಳಿದ ಬಂಪರಿಗೆ! ನಿಮ್ಮ ಯಜಮಾನರು ಈ ಲೆಕ್ಕ ಹಾಕಿ ಹೇಳಿದರೋ ಸುಮ್ನೆ ಹೇಳಿದರೋ ಗೊತ್ತಿಲ್ಲ, ಹೇಳಿದ್ದು ಮಾತ್ರ ಸರಿ. ಹಳೇ ಕಾರನ್ನೂ ಇಟ್ಟುಕೊಂಡು ಇನ್ನೊಂದು ತಗೊಳ್ಳುವುದಾದರೆ ಒಂದೇ ಬೋನಸ್ ಎರಡಕ್ಕೂ ಸಿಗಲ್ಲ, ಅದು ನೆನಪಿರಲಿ.

ಪಾಲಿಸಿಯಲ್ಲಿ ನೋ ಕ್ಲೇಮ್ ಬೋನಸ್ ಪ್ರೊಟೆಕ್ಟ್ ಅಂತ ಏನಾದರೂ ಸೇರಿಸಿಕೊಂಡಿದ್ದೀರಾ ನೋಡಿ. ಇದ್ದರೆ ಮೇಲಿನ ಲೆಕ್ಕ ಉಲ್ಟಾ ಆಗುತ್ತದೆ. ಎಷ್ಟು ಕ್ಲೇಮ್‌ವರೆಗೆ ರಕ್ಷಣೆ ಅಂತ ಷರತ್ತಿನಲ್ಲಿ ಬರೆದಿರುತ್ತದೆ, ಅದನ್ನೂ ಓದಿ.

ಆದರೆ ಒಂದು ಕೆಲಸ ಮಾಡದೆ ತೀರ್ಮಾನ ಮಾಡಬೇಡಿ. ಬಂಪರ್ ಬಿಚ್ಚಿಸಿ ನೋಡಿ. ಹೊರಗಿನ ಪ್ಲಾಸ್ಟಿಕ್ ಬರೀ ಮುಖವಾಡ. ಅದರ ಹಿಂದೆ ಬ್ರಾಕೆಟ್‌ಗಳಿವೆ, ಎಷ್ಟೋ ಕಾರುಗಳಲ್ಲಿ ಒಂದು ಲೋಹದ ಅಡ್ಡಪಟ್ಟಿ ಇರುತ್ತದೆ, ಪಾರ್ಕಿಂಗ್ ಸೆನ್ಸರ್ ಮತ್ತು ಅದರ ವೈರಿಂಗ್ ಇರುತ್ತದೆ. ಡಿಕ್ಕಿ ಬಾಗಿಲು ಮೊದಲಿನ ಹಾಗೇ ಸಲೀಸಾಗಿ ಮುಚ್ಚುತ್ತದಾ? ಬಾಗಿಲಿಗೂ ಬಾಡಿಗೂ ನಡುವಿನ ಸಂದಿ ಎರಡೂ ಕಡೆ ಒಂದೇ ಸಮ ಇದೆಯಾ? ಡಿಕ್ಕಿಯ ಮ್ಯಾಟ್ ಎತ್ತಿ, ಸ್ಟೆಪ್ನಿ ಇಡುವ ತಗ್ಗಿನಲ್ಲಿ ತಗಡು ಸುಕ್ಕುಗಟ್ಟಿದೆಯಾ ನೋಡಿ. ಅಲ್ಲಿ ಸುಕ್ಕು ಕಂಡರೆ ಅದು ಹತ್ತು ಸಾವಿರದ ಕೆಲಸ ಅಲ್ಲ, ಆಗ ಲೆಕ್ಕ ಹೊಸದಾಗಿ ಹಾಕಬೇಕು. ಓದುತ್ತಿರುವ ಬೇರೆಯವರಿಗೂ ಹೇಳುತ್ತೇನೆ, ಪೆಟ್ಟು ಮುಂದೆ ಬಿದ್ದಿದ್ದರೆ ಇನ್ನೂ ಹುಷಾರು. ಮದ್ದೂರು ಕಡೆಯಿಂದ ಸಂಜೆ ಬರುವಾಗ ಹಿಂದೆ ಲೈಟೇ ಇಲ್ಲದ ಕಬ್ಬಿನ ಟ್ರ್ಯಾಕ್ಟರಿಗೆ ಮೆಲ್ಲಗೆ ಮೂತಿ ತಾಗಿಸಿ, ಗ್ರಿಲ್ ಅಷ್ಟೇ ಅಲ್ವಾ ಅಂತ ಮನೆವರೆಗೂ ಓಡಿಸಿಕೊಂಡು ಬರುತ್ತಾರೆ. ರೇಡಿಯೇಟರ್ ಒಡೆದು ನೀರು ಸೋರಿ ಇಂಜಿನ್ ಹಿಡಿದುಕೊಂಡರೆ, ಸೋರುತ್ತಿದ್ದರೂ ಓಡಿಸಿದ್ದರಿಂದ ಆದ ಹಾನಿ ಅಂತ ಕಂಪನಿ ಇಂಜಿನ್ ಖರ್ಚು ಕೊಡಲ್ಲ. ಆ ಟ್ರ್ಯಾಕ್ಟರಿಗೆ ಇನ್ಶೂರೆನ್ಸ್ ಇರುತ್ತದೆ ಅಂತಲೂ ನಂಬಿಕೊಳ್ಳಬೇಡಿ.

ಶೋರೂಂನ ಅಡ್ವೈಸರ್ ಹೇಳುವ ಮಾತು ನನಗೆ ಗೊತ್ತು. "ಇನ್ಶೂರೆನ್ಸ್‌ನಲ್ಲಿ ಹಾಕಿಬಿಡೋಣ ಮೇಡಂ, ನಿಮಗೆ ಬರೀ ಸಾವಿರ ಅಷ್ಟೆ." ಅವರ ಕೈಯಲ್ಲಿರುವುದು ಇವತ್ತಿನ ಬಿಲ್ಲು, ಅದು ದೊಡ್ಡದಾದಷ್ಟೂ ಅವರಿಗೆ ಒಳ್ಳೆಯದು. ನಿಮ್ಮ ಐದು ವರ್ಷದ ಪ್ರೀಮಿಯಂ ಅವರ ಲೆಕ್ಕದಲ್ಲಿ ಇಲ್ಲ. ಬಿಚ್ಚಿ ನೋಡಿದಾಗ ಒಳಗೆ ಎಲ್ಲಾ ಸರಿಯಿದ್ದರೆ ಮಂಡ್ಯದಲ್ಲೇ ಒಳ್ಳೆಯ ಟಿಂಕರಿಂಗ್ ಗ್ಯಾರೇಜಿಗೆ ತೋರಿಸಿ. ಸೀಳಿದ ಬಂಪರನ್ನು ಬಿಸಿ ಮಾಡಿ ಬೆಸೆದು ಪೇಂಟ್ ಮಾಡುತ್ತಾರೆ, ಖರ್ಚು ಶೋರೂಂಗಿಂತ ಕಮ್ಮಿ. ಬಣ್ಣ ಒಂದು ಚೂರು ಆಚೀಚೆ ಆಗಬಹುದು. ಮುಂದಿನ ವರ್ಷ ಮಾರುವ ಕಾರು, ನಾನಾಗಿದ್ದರೆ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ.

ಈಗ ನಿಮ್ಮಣ್ಣನ ಮಾತು. ಇದರಲ್ಲಿ ಲೆಕ್ಕ ಇಲ್ಲ, ಆದರೆ ಇದೇ ಜಾಸ್ತಿ ಮುಖ್ಯ.

ನಿಮ್ಮ ಗೇಟಿಗೆ ನೀವೇ ತಾಗಿಸಿಕೊಂಡಿದ್ದರೆ, ಕ್ಲೇಮ್ ಬೇಡ ಅಂದ ಮೇಲೆ ಯಾರಿಗೂ ಏನೂ ಹೇಳಬೇಕಾಗಿರಲಿಲ್ಲ. ಇಲ್ಲಿ ಇನ್ನೊಬ್ಬರ ಕಾರು ಇದೆ, ಅವರು ಇನ್ನೂ ದುಡ್ಡು ಕೇಳುತ್ತಿದ್ದಾರೆ. 1988ರ ಮೋಟಾರು ವಾಹನ ಕಾಯ್ದೆಯ 134ನೇ ಕಲಂ ಪ್ರಕಾರ, ಯಾರಿಗಾದರೂ ಗಾಯ ಆದರೆ ಅಥವಾ ಬೇರೆಯವರ ಆಸ್ತಿಗೆ ಹಾನಿ ಆದರೆ, ಸ್ಥಳದಲ್ಲಿ ಪೊಲೀಸರು ಇಲ್ಲದಿದ್ದಾಗ ಡ್ರೈವರ್ 24 ಗಂಟೆಯೊಳಗೆ ಹತ್ತಿರದ ಠಾಣೆಗೆ ತಿಳಿಸಬೇಕು, ಇನ್ಶೂರೆನ್ಸ್ ಕಂಪನಿಗೂ ಬರೆದು ತಿಳಿಸಬೇಕು. ಬಾಗಿಲು ತಗ್ಗಾದ ಪ್ರತಿ ಕೇಸಿಗೂ ಜನ ಠಾಣೆಗೆ ಹೋಗುತ್ತಾರಾ? ಇಲ್ಲ. ಇಬ್ಬರೂ ಒಪ್ಪಿಕೊಂಡು ಅಲ್ಲೇ ಮುಗಿಸುತ್ತಾರೆ. ನಿಮ್ಮದು ಮುಗಿದಿಲ್ಲ, ಅದೇ ತೊಂದರೆ.

ಪಾಲಿಸಿಯ ಷರತ್ತುಗಳಲ್ಲಿ ಇನ್ನೆರಡು ವಿಷಯ ಇದೆ, ಯಾರೂ ಓದಲ್ಲ. ಅಪಘಾತವಾದ ಕೂಡಲೇ ಬರವಣಿಗೆಯಲ್ಲಿ ತಿಳಿಸಬೇಕು ಅನ್ನುವುದು ಒಂದು. ಕಂಪನಿಯ ಲಿಖಿತ ಒಪ್ಪಿಗೆ ಇಲ್ಲದೆ ನೀವು ತಪ್ಪೊಪ್ಪಿಕೊಳ್ಳುವುದು, ದುಡ್ಡು ಕೊಡ್ತೀನಿ ಅಂತ ಮಾತು ಕೊಡುವುದು, ಕೊಡುವುದು ಮಾಡಬಾರದು ಅನ್ನುವುದು ಇನ್ನೊಂದು. ನೀವು ಕೊಟ್ಟ 3,000 ಕಂಪನಿಯಿಂದ ವಾಪಸ್ ಬರಲ್ಲ. ಇನ್ನು ಮುಂದೆ ಕೊಡುವುದೂ ನಿಮ್ಮ ಕೈಯಿಂದಲೇ ಅಂತ ತಿಳಿದೇ ಕೊಡಿ. ಬೈಯುತ್ತಿಲ್ಲ ಮೇಡಂ. ದೊಡ್ಡ ಗಡಿಯಾರದ ಹತ್ತಿರ ಭಾನುವಾರ ಹಿಂದೆ ಹತ್ತು ಗಾಡಿ ಹಾರ್ನ್ ಹೊಡೀತಿರುವಾಗ ಯಾರು ಪಾಲಿಸಿ ತೆಗೆದು ಓದುತ್ತಾರೆ?

ಹಾಗಾಗಿ ಇವತ್ತೇ ಕಂಪನಿಗೆ ಒಂದು ಇಮೇಲ್ ಬರೆಯಿರಿ. ಕಸ್ಟಮರ್ ಕೇರ್‌ಗೆ ಫೋನ್ ಮಾಡಿದರೆ ಅವರು ಮಾತು ಮುಗಿಯುವ ಮೊದಲೇ ಓನ್ ಡ್ಯಾಮೇಜ್ ಕ್ಲೇಮ್ ನಂಬರ್ ಹುಟ್ಟಿಸಿಬಿಡುವ ಸಾಧ್ಯತೆ ಇದೆ, ಅದಕ್ಕೇ ಬರವಣಿಗೆಯೇ ವಾಸಿ. ಪಾಲಿಸಿ ನಂಬರ್, ದಿನ, ಹೊತ್ತು, ಜಾಗ, ಎರಡೂ ಗಾಡಿ ನಂಬರ್, ಓಡಿಸುತ್ತಿದ್ದವರ ಹೆಸರು ಮತ್ತು ಲೈಸೆನ್ಸ್ ನಂಬರ್, ಯಾರಿಗೂ ಗಾಯವಾಗಿಲ್ಲ ಅನ್ನುವುದು, ಆ ದಿನ ತೆಗೆದ ಫೋಟೋಗಳು. ಜೊತೆಗೆ ಈ ಥರ ಒಂದು ಸಾಲು: "ನನ್ನ ಕಾರಿನ ಹಾನಿಗೆ ನಾನು ಸದ್ಯ ಕ್ಲೇಮ್ ಕೇಳುತ್ತಿಲ್ಲ. ಇದು ಮಾಹಿತಿಗಾಗಿ ಮಾತ್ರ. ಎದುರಿನವರು ಹಣ ಕೇಳುತ್ತಿದ್ದಾರೆ, ನೋಟಿಸ್ ಏನಾದರೂ ಬಂದರೆ ಕಳಿಸುತ್ತೇನೆ." ಕೊಟ್ಟ 3,000ವನ್ನೂ ಮುಚ್ಚಿಡದೆ ಬರೆಯಿರಿ. ನಿಮ್ಮ ಹೆಸರಿನ ಜಾಗದಲ್ಲಿ ಯಜಮಾನರ ಹೆಸರು ಹಾಕಬೇಡಿ. ಮಗ ಓಡಿಸಿದ್ದಕ್ಕೆ ಅಪ್ಪನ ಹೆಸರು, ಹೆಂಡತಿ ಓಡಿಸಿದ್ದಕ್ಕೆ ಗಂಡನ ಹೆಸರು ಬರೆಯುವುದು ನಮ್ಮಲ್ಲಿ ಮಾಮೂಲಿ ಆಗಿಬಿಟ್ಟಿದೆ. ಲೈಸೆನ್ಸ್ ಸರಿಯಿದ್ದವರು ಹಾಗೆ ಮಾಡುವುದಂತೂ ಶುದ್ಧ ದಡ್ಡತನ. ನಾಳೆ ಯಾರದೋ ಅಂಗಡಿಯ ಸಿಸಿಟಿವಿ ಬೇರೆ ಕಥೆ ಹೇಳಿದರೆ ಇಲ್ಲದ ಮೋಸ ತಲೆಗೆ ಸುತ್ತಿಕೊಳ್ಳುತ್ತದೆ.

ಇದರಿಂದ ಬೋನಸ್ ಹೋಗುತ್ತದಾ ಅಂತ ಕೇಳ್ತೀರಿ. ಥರ್ಡ್ ಪಾರ್ಟಿ ವಿಷಯಕ್ಕೂ ಬೋನಸ್‌ಗೂ ಸಂಬಂಧ ಇಲ್ಲ ಅಂತ ಆಗಲೇ ಹೇಳಿದೆ. ಅಕಸ್ಮಾತ್ ನಿಮ್ಮ ಹೆಸರಲ್ಲಿ ಓನ್ ಡ್ಯಾಮೇಜ್ ಕ್ಲೇಮ್ ದಾಖಲಾಗಿಬಿಟ್ಟರೂ, ದುಡ್ಡು ಪಡೆಯದೆ ವಾಪಸ್ ತಗೊಂಡರೆ ಸಾಮಾನ್ಯವಾಗಿ ಬೋನಸ್ ಉಳಿಯುತ್ತದೆ. ಆದರೆ ರಿನ್ಯೂವಲ್ ದಿನ ಅದು ಬಾಕಿ ಅಂತ ತೋರಿಸುತ್ತಿದ್ದರೆ ಬೋನಸ್ ಕೊಡಲ್ಲ. ಪಾವತಿ ಇಲ್ಲದೆ ಮುಚ್ಚಲಾಗಿದೆ ಅಂತ ಇಮೇಲ್‌ನಲ್ಲಿ ಬರೆಸಿಕೊಂಡೇ ರಿನ್ಯೂವಲ್ ಮಾಡಿ. ಇನ್ನೊಂದು ತಿಂಗಳಿದೆ, ಸಾಕು. ಪಾಲಿಸಿ ಮುಗಿದು 90 ದಿನ ದಾಟಿದರೆ ಕ್ಲೇಮ್ ಇಲ್ಲದಿದ್ದರೂ ಬೋನಸ್ ಹೋಗುತ್ತದೆ, ಈ ಗಲಾಟೆಯಲ್ಲಿ ಅದನ್ನು ಮರೆಯಬೇಡಿ.

ರಿನ್ಯೂವಲ್ ಮಾಡಿಸಿ 50 ಪರ್ಸೆಂಟ್ ತಗೊಂಡು, ಆಮೇಲೆ ಈ ಬಂಪರನ್ನು ಕ್ಲೇಮ್ ಮಾಡೋಣ ಅಂತ ಯಾರಾದರೂ ಐಡಿಯಾ ಕೊಟ್ಟರೆ ಕೇಳಬೇಡಿ. ಅಪಘಾತ ಯಾವ ಪಾಲಿಸಿ ಇದ್ದಾಗ ಆಯಿತೋ ಆ ಪಾಲಿಸಿಗೇ ಕ್ಲೇಮ್ ಸೇರುತ್ತದೆ. ದಿನಾಂಕ ಬದಲಾಯಿಸಿ ಹೇಳಿದರೆ ಅದು ಸುಳ್ಳು. ಸುಳ್ಳು ಹೇಳಿ ಬೋನಸ್ ಪಡೆದದ್ದು ಗೊತ್ತಾದರೆ ಮುಂದೆ ನಿಜವಾಗಿ ಗಾಡಿ ಜಜ್ಜಿಹೋದಾಗ ಓನ್ ಡ್ಯಾಮೇಜ್ ಭಾಗವೇ ಸಿಗದೆ ಹೋಗಬಹುದು. ಗೀರುಗಳ ವಿಷಯದಲ್ಲೂ ಅಷ್ಟೆ. ಹಳೇ ಗೀರು, ಹೊಸ ಗೀರು ಎಲ್ಲಾ ಸೇರಿಸಿ ಒಂದೇ ಕಥೆ ಹೆಣೆದು ತರುವವರು ಬೇಕಾದಷ್ಟು ಜನ. ಹಳೇ ಗೀರಿನಲ್ಲಿ ಧೂಳು ಕೂತಿರುತ್ತದೆ, ತಗಡಾದರೆ ತುಕ್ಕು ಹಿಡಿದಿರುತ್ತದೆ. ಪೆಟ್ಟಿನ ಎತ್ತರ, ದಿಕ್ಕು, ಎದುರು ಗಾಡಿಯ ಬಣ್ಣ ಹತ್ತಿದ ರೀತಿ, ಒಂದಕ್ಕೊಂದು ಹೊಂದದಿದ್ದರೆ ಎರಡು ನಿಮಿಷದಲ್ಲಿ ಗೊತ್ತಾಗುತ್ತದೆ.

ಉಳಿದಿದ್ದು ದಿನಾ ಫೋನ್ ಮಾಡುವ ಆ ಮನುಷ್ಯರು. ಅವರ ಸಿಟ್ಟಿನಲ್ಲಿ ಅರ್ಥ ಇದೆ. ಅವರು ತಮ್ಮ ಇನ್ಶೂರೆನ್ಸ್‌ನಲ್ಲಿ ಮಾಡಿಸಿಕೊಂಡರೆ ನಿಮ್ಮ ತಪ್ಪಿಗೆ ಅವರ ಬೋನಸ್ ಹೋಗುತ್ತದೆ. ಕಾನೂನಿನ ದಾರಿ ಅವರಿಗೂ ಇದೆ, ನಿಮ್ಮ ಥರ್ಡ್ ಪಾರ್ಟಿ ಭಾಗದಲ್ಲಿ ಬೇರೆಯವರ ಆಸ್ತಿ ಹಾನಿಗೆ 7.5 ಲಕ್ಷದವರೆಗೆ ರಕ್ಷಣೆ ಇರುತ್ತದೆ, ನೀವೇ ಪ್ರೀಮಿಯಂ ಉಳಿಸೋಕೆ ಅದನ್ನು 6,000ಕ್ಕೆ ಇಳಿಸಿಕೊಂಡಿಲ್ಲದಿದ್ದರೆ. ಆದರೆ ಅದಕ್ಕೆ ಅವರು ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗೆ ಹೋಗಬೇಕು, ವಕೀಲರನ್ನು ಹಿಡಿಯಬೇಕು. ಬಾಗಿಲಿನ ಒಂದು ತಗ್ಗಿಗೆ ಯಾರೂ ಹೋಗಲ್ಲ, ಅದಕ್ಕೇ ನಿಮಗೆ ಫೋನ್ ಬರುತ್ತಿದೆ.

ಫೋನ್ ಎತ್ತದೆ ಇರಬೇಡಿ, ಹಾಗೇ ಕೇಳಿದಷ್ಟು ಕಳಿಸಲೂಬೇಡಿ. ಎಸ್ಟಿಮೇಟ್‌ನ ಫೋಟೋ ಕೇಳಿ. ಅದರಲ್ಲಿ ಒಂದೇ ಬಾಗಿಲಿನ ಕೆಲಸ ಇದೆಯಾ, ಅಥವಾ ಪಕ್ಕದ ಫೆಂಡರ್, ಹಿಂದಿನ ಬಾಗಿಲಿನ ಪಾಲಿಶ್ ಎಲ್ಲಾ ಸೇರಿಕೊಂಡಿದೆಯಾ ನೋಡಿ. ನೀವು ಆ ದಿನ ತೆಗೆದ ಫೋಟೋ ಪಕ್ಕದಲ್ಲಿಟ್ಟುಕೊಂಡೇ ನೋಡಿ. ಬಾಗಿಲು ಬದಲಾಯಿಸುವ ಬದಲು ತಗ್ಗು ಎತ್ತಿ ಪೇಂಟ್ ಮಾಡಿದರೆ ಎಷ್ಟು ಅಂತ ಇನ್ನೊಂದು ಗ್ಯಾರೇಜಿನಲ್ಲಿ ಕೇಳಿಸಿ. ಮೊತ್ತ ನ್ಯಾಯವಾಗಿ ಕಂಡರೆ, ಕೊಟ್ಟ 3,000 ಕಳೆದು ಉಳಿದದ್ದನ್ನು ಕೆಲಸ ಮುಗಿದ ಮೇಲೆ ನೇರ ಗ್ಯಾರೇಜಿನ ಖಾತೆಗೇ ಹಾಕಿ. ನನ್ನ ಕೇಳಿದರೆ ಎಂಟು ಸಾವಿರದೊಳಗೆ ಇದು ಮುಗಿಯುವುದಾದರೆ ಮುಗಿಸಿಬಿಡಿ, ತಪ್ಪು ನಿಮ್ಮದೇ ಅಲ್ವಾ. ಕೊಡುವ ಮೊದಲು ಒಂದು ಬಿಳಿ ಹಾಳೆಯಲ್ಲಿ ದಿನಾಂಕ, ಜಾಗ, ಎರಡು ಗಾಡಿ ನಂಬರ್, ಒಟ್ಟು ಮೊತ್ತ, ಮತ್ತು ಈ ಘಟನೆಗೆ ಸಂಬಂಧಿಸಿ ಇನ್ನು ಯಾವ ಬೇಡಿಕೆಯೂ ಇಲ್ಲ ಅಂತ ಬರೆದು ಇಬ್ಬರೂ ಸಹಿ ಮಾಡಿ. ಭಾನುವಾರವೇ ಆಗಬೇಕಾಗಿದ್ದ ಕೆಲಸ ಇದೊಂದೇ. ಆ ಹಾಳೆ ಇಲ್ಲದೆ ಕೊಟ್ಟ ದುಡ್ಡು ಮುಂದಿನ ಫೋನ್‌ಗೆ ಮುಂಗಡ ಇದ್ದ ಹಾಗೆ.

ಸಹಿ ಮಾಡಲ್ಲ ಅಂದರೆ, ಮೊತ್ತ ಏರುತ್ತಲೇ ಹೋದರೆ, ಅಥವಾ ಮಾತು ಬೆದರಿಕೆಗೆ ತಿರುಗಿದರೆ ಅಲ್ಲಿಗೆ ನಿಲ್ಲಿಸಿ. ಮೈಸೂರಿನಲ್ಲಿ ಆ ಜಾಗ ಯಾವ ಸಂಚಾರ ಠಾಣೆಗೆ ಸೇರುತ್ತದೋ ಅಲ್ಲಿಗೆ ಹೋಗಿ ನಡೆದದ್ದನ್ನು ಬರೆದು ಅರ್ಜಿ ಕೊಡಿ. 24 ಗಂಟೆ ಆಗಲೇ ದಾಟಿದೆ, ಆದರೂ ಕೊಡಿ. ಹಿಂಬರಹ ತಗೊಳ್ಳದೆ ಬರಬೇಡಿ, ಅದರ ಪ್ರತಿ ಕಂಪನಿಗೆ ಕಳಿಸಿ. ಲಾಯರ್ ನೋಟಿಸ್ ಬಂದರೆ ನೀವು ಉತ್ತರ ಬರೆಯೋಕೆ ಹೋಗಬೇಡಿ, ಬಂದ ದಿನವೇ ಕಂಪನಿಗೆ ದಾಟಿಸಿ. ಥರ್ಡ್ ಪಾರ್ಟಿಗೆ ವರ್ಷ ವರ್ಷ ಕಟ್ಟುವುದು ಅವರು ಆ ಉತ್ತರ ಬರೆಯಲಿ ಅಂತಲೇ.

ಇದೆಲ್ಲಾ ಯಾರಿಗೂ ಪೆಟ್ಟಾಗಿಲ್ಲ ಅನ್ನುವ ಮಾತಿನ ಮೇಲೆ ನಿಂತಿದೆ. ಬಾಗಿಲಿನ ಬದಲು ಒಂದು ಸ್ಕೂಟರ್ ಇದ್ದು, ಮೇಲಿದ್ದವರು ಬಿದ್ದು, ಎದ್ದು ಮಣ್ಣು ಕೊಡವಿಕೊಂಡು "ಏನೂ ಆಗಿಲ್ಲ ಬಿಡಿ ಮೇಡಂ" ಅಂತ ಹೋಗಿದ್ದರೂ ನನ್ನ ಉತ್ತರ ಬೇರೆ ಇರುತ್ತಿತ್ತು. ಆಗ ಬೋನಸ್ ಲೆಕ್ಕ ಹಾಕುತ್ತಾ ಕೂರುವ ಹಾಗಿಲ್ಲ. ಅವರನ್ನು ಆಸ್ಪತ್ರೆಗೆ ತೋರಿಸಿ, ಅವತ್ತೇ ಠಾಣೆಗೂ ಕಂಪನಿಗೂ ತಿಳಿಸಲೇಬೇಕು. ರಾತ್ರಿ ಮಂಡಿ ಊದಿಕೊಂಡು ಎಕ್ಸ್‌ರೇ ತೆಗೆಸಿದಾಗ ಕಂಡ ಬಿರುಕು ತಿಂಗಳುಗಳ ಮೇಲೆ ಕೇಸಾಗಿ ಬರುತ್ತದೆ, ಅದರಲ್ಲಿ ಕೇಳುವ ಮೊತ್ತ ಲಕ್ಷದಲ್ಲಿರುತ್ತದೆ.